ಹಬ್ಬದ ದಿನ ಮಾತ್ರ ಕೂಗುವ ಸೈರನ್

ಅರಕಲಗೂಡಿನಿಂದ ಮೊದಲ ಸಲ ಫೋನ್ ಬಂದಾಗ ಗಣೇಶನ ಹಬ್ಬ ಮುಗಿದು ಮಾರನೇ ದಿನ. ನಾನು ಕಟ್ಟಾಯದ ನಮ್ಮ ಮನೆ ಜಗಲಿಯಲ್ಲಿ ಕೂತು ಯಾರದೋ ಅಂಗಡಿಯ ಕ್ಯಾಮೆರಾ ಬಿಚ್ಚಿಟ್ಟುಕೊಂಡಿದ್ದೆ. ಆ ಕಡೆ ಮಾತಾಡಿದವರು ಶುಂಠಿ ವ್ಯಾಪಾರಿ.

"ಮನೆಗೆ ಕಳ್ಳರ ಅಲಾರಂ ಆಕ್ಸಿದ್ದೀವಿ ಕಣವ್ವ. ಆಕ್ದೋನು ಫೋನ್ ಎತ್ತಾಕಿಲ್ಲ. ಆಚೆ ಗೋಡೆ ಮ್ಯಾಲಿರೋ ಸೈರನ್ನು ನೆನ್ನೆ ಸುಮ್‌ಸುಮ್ನೆ ಬಡ್ಕಂತು. ಆಮೇಲೆ ಆಡಿನ ಕತ್ತು ಇಚುಕ್ದಂಗೆ ಕೀ ಅಂದು ನಿಂತೋಯ್ತು. ಇವತ್ತು ಬಟನ್ ಒತ್ತುದ್ರೂ ಅಷ್ಟೇಯ. ನೀನು ಇವನ್ನೆಲ್ಲ ರಿಪೇರಿ ಮಾಡ್ತೀಯಂತೆ?"

ಮಾಡುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಹೊರಗಿನ ಸೈರನ್‌ಗಳನ್ನು ನಾನು ಬಿಚ್ಚಿ ನೋಡಿದ್ದು ಕಡಿಮೆ. ಯಾರೂ ನನಗೆ ಕಲಿಸಿದ್ದಲ್ಲ. ಕೆಟ್ಟದ್ದನ್ನು ತಂದು, ಬಿಚ್ಚಿ, ಸುಟ್ಟು, ಮತ್ತೆ ವಿಡಿಯೋ ನೋಡಿ ಕಲಿತದ್ದು. ಆದರೆ ಹೊಸ ತರದ ತೊಂದರೆ ಅಂದರೆ ನನಗೆ ಊಟ ಸೇರುವುದಿಲ್ಲ. ಅವತ್ತೇ ಸ್ಕೂಟರ್ ಹತ್ತಿ ಗೊರೂರು ದಾಟಿ ಅರಕಲಗೂಡಿಗೆ ಹೋದೆ.

ಹೊಸದಾಗಿ ಕಟ್ಟಿದ ಎರಡಂತಸ್ತಿನ ಮನೆ. ಅಲಾರಂನ ಪ್ಯಾನೆಲ್ ಒಳಗೆ ಮೆಟ್ಟಿಲ ಕೆಳಗಿತ್ತು. ಸೈರನ್ ಮುಂದುಗಡೆ ಪೋರ್ಟಿಕೋ ಮೇಲಿನ ಗೋಡೆಯಲ್ಲಿ. ಎರಡಕ್ಕೂ ಮಧ್ಯೆ ಗೋಡೆಯೊಳಗಿನ ಪೈಪಿನಲ್ಲಿ ಆರು ಎಳೆಯ ತೆಳು ಕೇಬಲ್. ಬಾಗಿಲು ತೆರೆದವರು ವ್ಯಾಪಾರಿಯ ತಾಯಿ. ಅವರನ್ನು ನಾನಿಲ್ಲಿ ಅತ್ತೆ ಎಂದೇ ಕರೆಯುತ್ತೇನೆ. ಯಾಕೆಂದರೆ ಆ ಮನೆಯಲ್ಲಿ ಹೆಚ್ಚು ಕೇಳಿಸುತ್ತಿದ್ದ ಹೆಸರು ಅದೇ. ಹಣೆ ತುಂಬ ವಿಭೂತಿ. ನನ್ನನ್ನೂ ನನ್ನ ಬ್ಯಾಗನ್ನೂ ಒಮ್ಮೆ ನೋಡಿ, "ಏಣಿ ಅತ್ತೋರ್ಯಾರು, ನೀನೇಯಾ?" ಎಂದು ಕೇಳಿದರು.

"ಹೂಂ ಅಮ್ಮ."

"ಬೀಳ್ಬ್ಯಾಡ. ಏ ಇವ್ಳೇ, ಏಣಿ ಇಡ್ಕೋ ಬಾ."

ಏಣಿ ಹಿಡಿಯಲು ಬಂದವರು ಸೊಸೆ. ಮೂವತ್ತರ ಆಸುಪಾಸು, ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

ಸೈರನ್ ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಪ್ಯಾನೆಲ್‌ನಿಂದ ಅದಕ್ಕೆ ಯಾವಾಗಲೂ ಕರೆಂಟು ಬರುತ್ತಿರುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಬ್ಯಾಟರಿಯೂ ಇದೆ. ಬರುತ್ತಿರುವ ಕರೆಂಟು ಒಮ್ಮೆಲೇ ನಿಂತರೆ, ಕಳ್ಳ ವೈರ್ ಕತ್ತರಿಸಿದ ಎಂದು ತಿಳಿದು ಆ ಬ್ಯಾಟರಿಯ ಬಲದಲ್ಲೇ ಅದು ಕೂಗಲು ಶುರುಮಾಡುತ್ತದೆ. ಕಳ್ಳನಿಗಿಂತ ಒಂದು ಹೆಜ್ಜೆ ಮುಂದಿರಲಿ ಅಂತ ಹಾಗೆ ಮಾಡಿದ್ದಾರೆ.

ಮುಚ್ಚಳ ಬಿಚ್ಚಿ ಬ್ಯಾಟರಿಗೆ ಮೀಟರ್ ಹಿಡಿದೆ. ಸತ್ತೇ ಹೋಗಿತ್ತು. ಪ್ಯಾನೆಲ್‌ನಿಂದ ಬರುವ ಎರಡು ಎಳೆಗಳಿಗೆ ಹಿಡಿದರೆ ಹದಿಮೂರುವರೆ ವೋಲ್ಟ್, ಇರಬೇಕಾದಷ್ಟೇ. ಹಾಗಾದರೆ ವೈರ್ ಸರಿ, ಬ್ಯಾಟರಿ ಹಳತು ಎಂದು ತೀರ್ಮಾನ ಮಾಡಿ ಹೊಸ ಬ್ಯಾಟರಿ ಹಾಕಿದೆ. ಬಟನ್ ಒತ್ತಿದಾಗ ಸೈರನ್ ಬೀದಿ ತುಂಬ ಕೂಗಿತು. ಅತ್ತೆ ಕಿವಿ ಮುಚ್ಚಿಕೊಂಡು ತಲೆಯಾಡಿಸಿದರು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಅಂತ ನನಗೆ ಸ್ವಲ್ಪ ಬೇಜಾರೇ ಆಯಿತು.

ಆಯುಧ ಪೂಜೆಯ ಮಾರನೇ ದಿನ ಮತ್ತೆ ಫೋನ್. ಹಬ್ಬದ ಬೆಳಿಗ್ಗೆ ಸೈರನ್ ತನ್ನಷ್ಟಕ್ಕೆ ತಾನೇ ಕೂಗಿದೆ. ಪ್ಯಾನೆಲ್‌ನಲ್ಲಿ ನಂಬರ್ ಒತ್ತಿದರೂ ನಿಂತಿಲ್ಲ. ಸುಸ್ತಾಗುವವರೆಗೆ ಕೂಗಿ ತಾನೇ ನಿಂತಿದೆ.

ನಾನು ಹೋಗುವಷ್ಟರಲ್ಲಿ ಎಲ್ಲ ಸರಿಯಿತ್ತು. ಬಾಗಿಲ ಮೇಲೆ ಚೆಂಡು ಹೂವಿನ ತೋರಣ ಬಾಡಿ ನಿಂತಿತ್ತು. ಪ್ಯಾನೆಲ್‌ಗೂ ಯಾರೋ ವಿಭೂತಿ ಬಳಿದು ಕುಂಕುಮ ಇಟ್ಟು ಹೂ ಮುಡಿಸಿದ್ದರು. ಸೈರನ್ ಕಡೆಯ ಎಳೆಗಳಲ್ಲಿ ಅದೇ ಹದಿಮೂರುವರೆ ವೋಲ್ಟ್. ಆದರೆ ನಾನು ಹಾಕಿದ ಹೊಸ ಬ್ಯಾಟರಿ ಅರ್ಧ ಜೀವವಾಗಿತ್ತು. ಸೈರನ್‌ನ ಬೋರ್ಡೇ ಬ್ಯಾಟರಿ ತಿನ್ನುತ್ತಿದೆ ಎಂದುಕೊಂಡು ಇಡೀ ಸೈರನ್ ಬದಲಾಯಿಸಿದೆ. ಹಳೆಯದನ್ನು ಕಟ್ಟಾಯಕ್ಕೆ ತಂದು ಮೇಜಿನ ಮೇಲೆ ಕರೆಂಟು ಕೊಟ್ಟು ಇಟ್ಟೆ. ಅದು ಸುಮ್ಮನೆ ಕೂತಿತು. ಕರೆಂಟು ತೆಗೆದರೆ ಕೂಗುತ್ತಿತ್ತು, ಕೊಟ್ಟರೆ ನಿಲ್ಲುತ್ತಿತ್ತು. ಬ್ಯಾಟರಿ ಚೆನ್ನಾಗಿ ತುಂಬಿಕೊಳ್ಳುತ್ತಿತ್ತು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ನಮ್ಮ ಅವ್ವ ಮಾತ್ರ ಅದನ್ನು ಹಟ್ಟಿಯಲ್ಲಿಡು ಎಂದು ಬೈಯುತ್ತಿದ್ದಳು.

ತಪ್ಪಿಲ್ಲದ ಸಾಮಾನನ್ನು ಬದಲಾಯಿಸಿ ಬಂದಿದ್ದೇನೆ ಅಂತ ಗೊತ್ತಾದಾಗ ಆಗುವ ಕಸಿವಿಸಿ ಈ ಕೆಲಸ ಮಾಡುವವರಿಗೆ ಗೊತ್ತು. ಯಾರೂ ಕರೆಯದಿದ್ದರೂ ವಾರ ಕಳೆದು ನಾನೇ ಮತ್ತೆ ಹೋದೆ. ಈ ಸಲ ಬ್ಯಾಗಿನಲ್ಲಿ ಬೈಕಿನ ಬ್ರೇಕ್ ಲೈಟಿನ ಬಲ್ಬ್ ಇತ್ತು.

ಆ ಬಲ್ಬಿನ ಕಥೆ ಇಷ್ಟೇ. ಮೀಟರ್ ವೋಲ್ಟ್ ಅಳೆಯುವಾಗ ಕರೆಂಟನ್ನು ಎಳೆದುಕೊಳ್ಳುವುದೇ ಇಲ್ಲ ಎನ್ನಬಹುದು. ವೈರಿನ ಒಳಗೆ ಕೂದಲೆಳೆಯಷ್ಟು ತಾಮ್ರ ಅಂಟಿಕೊಂಡಿದ್ದರೂ ಮೀಟರ್ ಪೂರ್ತಿ ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಹಾಗಲ್ಲ. ಅದಕ್ಕೆ ಉರಿಯಲು ನಿಜವಾದ ಕರೆಂಟು ಬೇಕು. ವೈರ್ ಸೋತಿದ್ದರೆ ಬಲ್ಬ್ ಹಚ್ಚಿದ ಕೂಡಲೇ ಬಯಲಾಗುತ್ತದೆ.

ಮೊದಲು ಪ್ಯಾನೆಲ್ ಹತ್ತಿರವೇ ಹಚ್ಚಿದೆ. ಬಲ್ಬ್ ಜಗ್ಗನೆ ಉರಿಯಿತು. ಏಣಿ ಹತ್ತಿ ಸೈರನ್ ಕಡೆ ಹಚ್ಚಿದೆ. ಬಲ್ಬಿನೊಳಗಿನ ತಂತಿ ಬೀಡಿಯ ಕೆಂಡದಷ್ಟು ಕೆಂಪಾಯಿತು, ಮೀಟರ್ ಐದು ವೋಲ್ಟಿಗೆ ಕುಸಿಯಿತು. ಏಣಿಯ ಮೇಲೆ ನಿಂತೇ ನಕ್ಕುಬಿಟ್ಟೆ. ಎರಡು ಸಲ ಬಂದು ಎರಡು ಸಲವೂ ಸರಿಯಿದೆ ಎಂದು ಬರೆದುಕೊಂಡ ವೈರೇ ಕಾಯಿಲೆಯದು. ಅದಕ್ಕೇ ಬ್ಯಾಟರಿ ತುಂಬುತ್ತಿರಲಿಲ್ಲ.

"ಏನ್ ಸಿಕ್ತು?" ಕೆಳಗಿನಿಂದ ಸೊಸೆ ಕೇಳಿದರು.

"ವೈರ್ ಕೆಟ್ಟಿದೆ ಅಕ್ಕ. ಮಧ್ಯದಲ್ಲಿ ಎಲ್ಲೋ."

"ಇವತ್ತು ಆಯ್ತದಾ?"

ಆ ಕೇಳುವ ರೀತಿ ಬೇರೆಯಿತ್ತು. ಒಳಗೆ ಅತ್ತೆ ಇರುವ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅವರು ಹೇಳಿದ್ದು ಇದು. ದೀಪಾವಳಿ ಮುಗಿದ ವಾರಕ್ಕೆ ಚನ್ನರಾಯಪಟ್ಟಣದಲ್ಲಿ ಅವರ ತಂಗಿಯ ಮದುವೆ. ಹಿಂದಿನ ದಿನ ಚಪ್ಪರ, ಅರಿಶಿಣ, ಬಳೆ ಶಾಸ್ತ್ರ. ತಾಯಿ ಇಲ್ಲ. ತಂಗಿಗೆ ಅರಿಶಿಣ ಹಚ್ಚಿ ಪಕ್ಕದಲ್ಲಿ ಕೂರಬೇಕಾದವಳು ಅಕ್ಕನೇ. ಆದರೆ ಪಕ್ಕದ ಬೀದಿಯಲ್ಲಿ ಎಲ್ಲರೂ ಮದುವೆಗೆ ಹೋಗಿದ್ದ ಒಂದು ಮನೆಯ ಬೀಗ ಒಡೆದಿದ್ದರು. ಅವತ್ತಿನಿಂದ ಈ ಮನೆಯಲ್ಲಿ ಒಂದು ಕಟ್ಟು: ಮನೆ ಖಾಲಿ ಬಿಡುವಂತಿಲ್ಲ, ಒಬ್ಬರು ಇರಲೇಬೇಕು. ಆ ಒಬ್ಬರು ಯಾವಾಗಲೂ ಸೊಸೆ.

"ಚಪ್ಪರಕ್ಕೆ ಬ್ಯಾಡ, ಧಾರೆಗೆ ಓಗ್ಬುಟ್ಟು ಬಾ ಅಂತಾವ್ರೆ. ಬೆಳಗ್ಗೆ ಓಗಿ ಅಕ್ಕಿ ಆಕ್ಬುಟ್ಟು ಬರೋಕೆ ನಾನೇನ್ ಪಕ್ಕದ್ಮನೆಯೋಳಾ? ಈ ಸೈರನ್ ನೆಟ್ಟಗಾದ್ರೆ ಬೀಗ ಆಕಂಡು ಎಲ್ಲಾ ಓಗಣ ಅಂತ ಇವ್ರು ಒಪ್ಸವ್ರೆ. ಅದು ನೆಟ್ಟಗಾಯ್ತಿಲ್ಲ, ನಾನು ಓಗಂಗಿಲ್ಲ."

ಅಲ್ಲಿಯವರೆಗೆ ನನಗದು ಒಂದು ಒಗಟಾಗಿತ್ತು. ಆಮೇಲೆ ಬಲ್ಬಿನ ಆ ಕೆಂಪು ತಂತಿ ನೋಡಿದಾಗಲೆಲ್ಲ ಅವರ ಮುಖ ನೆನಪಾಗುತ್ತಿತ್ತು.

ಹಳೆಯ ಕೇಬಲ್‌ನ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಳ್ಳೋಣ ಎಂದು ಜಗ್ಗಿದೆ. ಮೇಲಿನಿಂದ ಎಳೆದರೂ ಕೆಳಗಿನಿಂದ ಎಳೆದರೂ ಸ್ವಲ್ಪ ಬಂದು ನಿಲ್ಲುತ್ತಿತ್ತು, ಗೋಡೆಯೊಳಗೆ ಯಾರೋ ನಡುವಿನಲ್ಲಿ ಹಿಡಿದುಕೊಂಡ ಹಾಗೆ. ಪೈಪಿನೊಳಗೆ ಸಿಮೆಂಟು ಇಳಿದಿರಬೇಕು ಎಂದುಕೊಂಡೆ. ಗೋಡೆ ಒಡೆಯುತ್ತೇನೆ ಎಂದರೆ ಅತ್ತೆ ಬೇಡ ಎಂದರು; ಹಬ್ಬಕ್ಕೆ ಆಗ ತಾನೇ ಬಣ್ಣ ಹೊಡೆಸಿದ್ದರು. ಗೋಡೆಯ ಮೇಲೆ ವೈರ್ ಎಳೆಯಲಾ ಎಂದರೆ, "ಒಸ ಮನೆ ಮೋರೆ ಮ್ಯಾಲೆ ಗಾಯದ ಗುರ್ತು ಎಳ್ದಂಗೆ ಎಳಿತೀಯಾ?" ಎಂದರು. ಆಮೇಲೆ, "ಅದ್ಕೆ ಅಬ್ಬ ಅಂದ್ರೆ ಆಗದು ಕಣಮ್ಮಿ. ವರಮಾಲಕ್ಷ್ಮಿಗೂ ಕೂಗ್ತು, ಗಣೇಸನ್ ಅಬ್ಬಕ್ಕೂ ಕೂಗ್ತು, ಆಯುಧ ಪೂಜೆಗೂ ಕೂಗ್ತು. ಮಾಮೂಲಿ ದಿನ ಒಂದಪ ಕೂಗಿಲ್ಲ" ಎಂದು ಸೇರಿಸಿದರು.

ನಾನು ಅದನ್ನು ಮೊದಲು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಯೋಚನೆಗೆ ಬಿತ್ತು. ವೈರ್ ಸೋತಿರುವುದು ದಿನವೂ ಇರುವ ಕಾಯಿಲೆ. ಆದರೆ ಸೈರನ್ ತಾನೇ ಕೂಗಬೇಕೆಂದರೆ ಕರೆಂಟು ಪೂರ್ತಿ ನಿಲ್ಲಬೇಕು. ಅದು ಹಬ್ಬದ ದಿನ ಮಾತ್ರ ಯಾಕೆ ನಿಲ್ಲುತ್ತದೆ? ಸೀರಿಯಲ್ ಲೈಟೇ? ಮಿಕ್ಸಿ, ಗ್ರೈಂಡರ್ ಎಲ್ಲ ಒಟ್ಟಿಗೆ ಓಡುವುದೇ? ಎಲ್ಲ ಹಾಕಿ ನೋಡಿದೆ. ಪ್ಯಾನೆಲ್ ಅಲುಗಲಿಲ್ಲ.

ನಾನು ಸಾಮಾನು ಎತ್ತಿಡುವಾಗ ವ್ಯಾಪಾರಿ ನನ್ನನ್ನು ಗೇಟಿನ ಹತ್ತಿರ ಕರೆದರು. ಒಳ್ಳೆಯ ಮನುಷ್ಯ. ಹೆಂಡತಿ ಪರವಾಗಿ ತಾಯಿಯ ಮುಂದೆ ನಿಲ್ಲಲು ಧೈರ್ಯ ಸಾಲದವರು, ಆದರೆ ಮನಸ್ಸಿದ್ದವರು.

"ಒಂದ್ ಕೆಲ್ಸ ಮಾಡವ್ವ. ವೈರ್ ಕತ್ರುಸುದ್ರೆ ಕೂಗೋ ಆಟ ಐತಲ್ಲ, ಅದ್ನ ಒಳಗೇ ಬಂದ್ ಮಾಡ್ಬುಡು. ಆಗ ಅಬ್ಬದಲ್ಲಿ ಕೂಗಾಕಿಲ್ಲ. ಒಂದು ಒಸ ಬ್ಯಾಟ್ರಿ ಆಕು. ನಮ್ಮವ್ವನ್ ಮುಂದೆ ಒಂದ್ಸಲ ಬಟನ್ ಒತ್ತಿ ಕೂಗ್ಸಿ ತೋರ್ಸು. ಇವ್ಳು ನೆಮ್ದಿಯಾಗಿ ಓಗ್ಬರ್ಲಿ."

ಮಾಡಬಹುದಿತ್ತು. ಒಂದು ಪುಟ್ಟ ತಂತಿ ತುಂಡು ಸಾಕು. ಬ್ಯಾಟರಿ ಒಂದೆರಡು ವಾರ ಬರುತ್ತದೆ, ಮದುವೆ ಮುಗಿಯುತ್ತದೆ. ಆಮೇಲೆ ಆ ಮನೆ ಸತ್ತ ಸೈರನ್ ತೂಗುಹಾಕಿಕೊಂಡು ನಿಂತಿರುತ್ತದೆ. ಮತ್ತೊಂದು ಮದುವೆಗೆ ಅದನ್ನು ನಂಬಿಯೇ ಬೀಗ ಹಾಕುತ್ತಾರೆ. ನಾನು ಏನು ಹೇಳುವುದೆಂದು ತಡವರಿಸುತ್ತಿದ್ದಾಗ, ನೀರಿನ ಲೋಟ ಹಿಡಿದು ಬಂದಿದ್ದ ಸೊಸೆ ಹೇಳಿದರು:

"ಅಂಗ್ ಮಾಡ್ಬ್ಯಾಡಿ. ಸುಳ್ ಹೇಳ್ಬುಟ್ಟು ಓದ್ರೆ ಅಲ್ಲಿ ಚಪ್ಪರದಲ್ಲಿ ಕೂತಿದ್ರೂ ಗ್ಯಾನವೆಲ್ಲ ಇಲ್ಲೇ. ಅದ್ಕಿಂತ ಓಗ್ದಿದ್ರೆ ಒಳ್ಳೇದು."

ಅವರಿಗೇ ಅಷ್ಟು ಗಟ್ಟಿತನ ಇರುವಾಗ ನನಗೇನು. ಆಗಲೇ ನಾನು ತೀರ್ಮಾನ ಮಾಡಿದ್ದು. ಇನ್ನು ಏನನ್ನೂ ಬದಲಾಯಿಸುವುದಿಲ್ಲ, ಹಬ್ಬ ಮುಗಿದ ಮೇಲೆ ಬರುವುದೂ ಇಲ್ಲ. ಕೂಗುವ ದಿನ, ಕೂಗುವ ಹೊತ್ತಿಗೆ ಅಲ್ಲಿರಬೇಕು.

"ದೀಪಾವಳಿ ಬೆಳಿಗ್ಗೆ ಬರ್ತೀನಿ. ನೀವು ಹಬ್ಬದಲ್ಲಿ ಏನೇನು ಮಾಡ್ತೀರೋ ಅದೇ ತರ ಮಾಡ್ಬೇಕು. ಒಂದನ್ನೂ ಬಿಡಬಾರದು."

ಮನೆಯಲ್ಲಿ ಅವ್ವ ಎಣ್ಣೆ ಬಟ್ಟಲು ಹಿಡಿದುಕೊಂಡೇ ಬೈದಳು. "ಅಬ್ಬದ್ ದಿನ ಯಾರ್ ಮನೆ ಬಾಗ್ಲು ಕಾಯಾಕೋಯ್ತೀಯ? ನೆಂಟ್ರು ಬಂದ್ರೆ ಏನ್ ಏಳ್ಲಿ ನಾನು, ನನ್ ಮಗ್ಳು ಸೈರನ್ ಕೇಳಾಕೋಗವ್ಳೆ ಅನ್ಲಾ?" ತಲೆಗೆ ಎಣ್ಣೆ ಇಡಿಸಿಕೊಂಡು, ನೀರು ಹುಯ್ದುಕೊಂಡು, ಒದ್ದೆ ಜಡೆಯಲ್ಲೇ ಹೊರಟೆ.

ನಾನು ತಲುಪಿದಾಗ ಆ ಮನೆಯ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಾಗಿತ್ತು. ಅಡುಗೆ ಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದರು. ಮೆಟ್ಟಿಲ ಕೆಳಗೆ ಮಣೆ ಹಾಕಿಕೊಂಡು ಕೂತು, ಪ್ಯಾನೆಲ್‌ನಿಂದ ಸೈರನ್‌ಗೆ ಹೋಗುವ ಎರಡು ಎಳೆಗಳಿಗೆ ಮೀಟರ್ ಸಿಕ್ಕಿಸಿದೆ. ಗ್ರೈಂಡರ್ ಓಡಿತು, ಹದಿಮೂರುವರೆ. ಸೀರಿಯಲ್ ಲೈಟ್ ಹಚ್ಚಿದರು, ಹದಿಮೂರುವರೆ. ಎದುರು ಮನೆಯವರು ಪಟಾಕಿ ಹಚ್ಚಿದರು, ಮೀಟರ್ ಕದಲಲಿಲ್ಲ. ದೇವರ ಕೋಣೆಯಲ್ಲಿ ಗಂಟೆ ಬಾರಿಸಿದರು. ಅದಕ್ಕೂ ಏನೂ ಆಗಲಿಲ್ಲ.

ನಾನು ಕೂತಲ್ಲಿಂದ ಮುಂಬಾಗಿಲು ನೇರವಾಗಿ ಕಾಣುತ್ತಿತ್ತು. ಸೊಸೆ ಸ್ಟೂಲ್ ಎಳೆದು ಹತ್ತಿದರು. ಕೈಯಲ್ಲಿ ತೋರಣ. ಮಾವಿನ ಸೊಪ್ಪಿನ ಜೊತೆ ಚೆಂಡು ಹೂವನ್ನು ಒತ್ತೊತ್ತಾಗಿ ಪೋಣಿಸಿ, ಬಾಡದಿರಲಿ ಎಂದು ಬಕೆಟ್ಟಿನಲ್ಲಿ ಅದ್ದಿ ತೆಗೆದದ್ದು. ನೀರು ತೊಟ್ಟಿಕ್ಕುತ್ತಿತ್ತು. ಎತ್ತಲು ಎರಡೂ ಕೈ ಬೇಕಾಗಿತ್ತು.

"ಬಲಗಡೆ ಸಿಕ್ಸು ಮೊದ್ಲು," ಅತ್ತೆ ಕೆಳಗಿನಿಂದ ಹೇಳಿದರು. "ಎಡಗಡೆ ಇಳಿಬಿದ್ದದೆ ನೋಡು. ಜಗ್ಗಿ ಕಟ್ಟು. ಇನ್ನೊಸಿ."

ಎಡಗಡೆಯ ಮೊಳೆಗೆ ದಾರ ಬಿತ್ತು. ಮೀಟರ್ ಒಂದು ಸಲ ನಡುಗಿತು. ಸೊಸೆ ಕೈ ಬಿಟ್ಟರು. ತೋರಣದ ಪೂರ್ತಿ ಭಾರ ಮೊಳೆಯ ಮೇಲೆ ಬಿತ್ತು, ಮೀಟರ್ ಸೊನ್ನೆಗೆ ಬಂತು, ಹೊರಗೆ ಸೈರನ್ ಅರಚಿತು.

ಎದುರು ಮನೆಯ ಆಟೋ ಓಡಿಸುವವರು ಅಂಗಳದಿಂದಲೇ ಕೂಗಿ ಹೇಳಿದ್ದು ಕೇಳಿಸಿತು: "ಶುಂಠಿಯೋರ್ ಮನೇಲಿ ಅಬ್ಬ ಸುರುವಾಯ್ತು ಕಣ್ರಪ್ಪೋ."

"ಅಕ್ಕ, ಎಡಗಡೆ ತುದಿ ಎತ್ತಿ ಹಿಡೀರಿ," ಎಂದೆ. ಅವರು ಎತ್ತಿದರು. ಒಂದೆರಡು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೀಟರ್ ಮೇಲೇರಿತು, ಸೈರನ್ ನಿಂತಿತು. ಪ್ಯಾನೆಲ್‌ನಲ್ಲಿರುವ ಫ್ಯೂಸು ಬಿಸಿಯಾದರೆ ತಾನೇ ಕರೆಂಟು ನಿಲ್ಲಿಸಿ, ತಣ್ಣಗಾದರೆ ತಾನೇ ಬಿಡುವ ಜಾತಿಯದು. ಅದಕ್ಕೇ ಸುಟ್ಟುಹೋದ ಗುರುತೂ ಎಲ್ಲೂ ಸಿಕ್ಕಿರಲಿಲ್ಲ.

"ಈಗ ಬಿಡಿ."

ಕೂಗಿತು.

"ಎತ್ತಿ."

ನಿಂತಿತು.

"ಸಾಕು ಬುಡ್ರವ್ವ," ಅತ್ತೆ ಎಂದರು. "ದೇವ್ರು ಎದ್ದೋಗ್ತಾನೆ."

ಬಾಗಿಲ ಮೇಲಿನ ಪಟ್ಟಿಯ ಹತ್ತಿರ ಕೈಯಿಟ್ಟು ನೋಡಿದೆ. ಪೈಪು ಸರಿಯಾಗಿ ಅಲ್ಲೇ ಹಾದುಹೋಗಿತ್ತು. ಎಡಗಡೆಯ ಮೊಳೆ ಬೆರಳುದ್ದಕ್ಕಿಂತ ಉದ್ದದ್ದು. ಗೋಡೆಯ ಗಾರೆ ದಾಟಿ, ಪೈಪು ತೂರಿ, ಕೇಬಲ್ಲಿನೊಳಗೆ ಹೋಗಿ ಕೂತಿತ್ತು. ಕೆಲವು ಎಳೆಗಳನ್ನು ಅರ್ಧ ಕತ್ತರಿಸಿತ್ತು. ನೀರಿಳಿದು ತಾಮ್ರ ಹಸಿರುಗಟ್ಟಿರಬೇಕು, ಅದೇ ದಿನನಿತ್ಯದ ಸೋಲು. ತೋರಣದ ಭಾರಕ್ಕೆ ಮೊಳೆಯ ತಲೆ ಕೆಳಗೆ ಬಾಗಿದರೆ ಒಳಗಿನ ತುದಿ ಮೇಲೆದ್ದು ಎರಡು ಎಳೆಗಳನ್ನು ಕೂಡಿಸುತ್ತಿತ್ತು, ಅದು ಹಬ್ಬದ ಕೂಗು. ಮಾರನೇ ದಿನ ನೀರಿಳಿದು ಸೊಪ್ಪು ಬಾಡಿ ಹಗುರಾದರೆ ಮೊಳೆ ಸ್ವಸ್ಥಾನಕ್ಕೆ ಬರುತ್ತಿತ್ತು. ಅಷ್ಟೊತ್ತಿಗೆ ನನಗೆ ಫೋನ್ ಬರುತ್ತಿತ್ತು. ಕೇಬಲ್ ಜಗ್ಗಿದಾಗ ಗೋಡೆಯೊಳಗೆ ಹಿಡಿದುಕೊಂಡಿದ್ದದ್ದೂ ಈ ಮೊಳೆಯೇ.

ಇದನ್ನು ಹೇಗೆ ಹೇಳುವುದೆಂದು ನಾನು ಪದ ಹುಡುಕುತ್ತಿದ್ದೆ. ಮೊಳೆ ಯಾರು ಹೊಡೆದರು ಎಂಬ ಪ್ರಶ್ನೆ ಕೇಳಿದರೆ ಅದರ ಉತ್ತರ ಯಾರ ತಲೆಗೆ ಬೀಳುತ್ತದೋ ಎಂಬ ಭಯ. ಸ್ಟೂಲಿನ ಮೇಲಿದ್ದವರು ಸೊಸೆ. ಆದರೆ ಅತ್ತೆ ನನ್ನನ್ನು ಕಾಯಿಸಲಿಲ್ಲ.

"ಆ ಮೊಳೆ ಒಡ್ದೋಳು ನಾನೇಯ. ಇದ್ದದ್ದು ಸಣ್ಣದು, ತೋರಣ ಜಾರೋದು. ಇವ್ಳು ಬ್ಯಾಡ ಅತ್ತೆ, ಸಾಕು ಅಂದ್ಲು. ವರಮಾಲಕ್ಷ್ಮಿಗೆ ಒಳ್ಳೇ ಉದ್ದುದ್ದು ತರ್ಸಿ ನಾನೇ ಸುತ್ಗೆ ತಕಂಡು ಒಡ್ದೆ." ಬಾಗಿಲ ಕಡೆ ನೋಡಿ, "ಇಷ್ಟು ದಿನ ನಾನೇ ಕಳ್ಳಿಯಾಗಿದ್ದೆ ಅನ್ನು" ಎಂದರು.

ಸೊಸೆ ತೋರಣ ಹಿಡಿದುಕೊಂಡೇ ಗೋಡೆಯ ಕಡೆ ಮುಖ ತಿರುಗಿಸಿದರು. "ನಗೋದಾದ್ರೆ ಈ ಕಡೆ ತಿರ್ಗಿ ನಗು," ಅತ್ತೆ ಹೇಳಿದರು.

ತೋರಣ ಬಿಚ್ಚಿ ಗೋಡೆ ಒಡೆಯೋಣ ಎಂದಾಗ ಮಾತ್ರ ಅವರ ದನಿ ಗಟ್ಟಿಯಾಯಿತು. "ಮದ್ವೆ ಮುಂದಿಟ್ಕಂಡು ಬಾಗ್ಲು ತೋರಣ ಬಿಚ್ಚಾದುಂಟಾ? ಮೊಳೇನೂ ಮುಟ್ಬ್ಯಾಡ." ಆ ಮಾತಿಗೆ ಎದುರಾಡುವ ಆಸೆ ನನಗಿರಲಿಲ್ಲ. ಮೊಳೆ ಕಿತ್ತರೂ ಕತ್ತರಿಸಿದ ಎಳೆ ಕೂಡುವುದಿಲ್ಲ. ಆ ಕೇಬಲನ್ನೇ ಅಲ್ಲಿಗೆ ಬಿಟ್ಟು ಬೇರೆ ದಾರಿ ಹುಡುಕಬೇಕು. ಸದ್ಯಕ್ಕೆ ತೋರಣದ ಎಡತುದಿಯನ್ನು ಬಾಗಿಲ ಮೇಲಿನ ಗವಾಕ್ಷಿಯ ಸರಳಿಗೆ ಕಟ್ಟಿ ಮೊಳೆಯ ಮೇಲಿನ ಭಾರ ತೆಗೆದೆವು.

"ಗೋಡೆ ಮ್ಯಾಲೆ ಎಳೀಬೇಕಾ?" ಅವರೇ ಕೇಳಿದರು.

"ಹೂಂ ಅಮ್ಮ. ಮುಂದಿನಿಂದ ಕಾಣದ ಹಾಗೆ ಎಳೀತೀನಿ."

"ಕಂಡ್ರೆ ಕಾಣ್ಲಿ ಬುಡು."

ಹೊಳೆನರಸೀಪುರದಲ್ಲಿ ಒಂದು ಕಲ್ಯಾಣ ಮಂಟಪದ ಕೆಲಸ ಮಾಡಿದಾಗ ಉಳಿದಿದ್ದ ಕೇಬಲ್ ಸುರುಳಿ ನಮ್ಮ ಮನೆಯಲ್ಲಿತ್ತು. ಹಾಸನದಲ್ಲಿ ಅಂಗಡಿಗಳು ತೆರೆಯುವ ತನಕ ಕಾಯಬೇಕಾಗಲಿಲ್ಲ. ಹಬ್ಬದ ಮಾರನೇ ದಿನ ಬಂದು, ಮೆಟ್ಟಿಲ ಕಿಟಕಿಯಿಂದ ಹೊರಗೆ ತೆಗೆದು, ಸಜ್ಜೆಯ ಅಡಿಭಾಗಕ್ಕೆ ಪಟ್ಟಿ ಹೊಡೆದು, ಪೋರ್ಟಿಕೋ ಮೂಲೆಯಲ್ಲಿ ಮೇಲಕ್ಕೆ ಒಯ್ದೆ. ಸೈರನ್ ಪೆಟ್ಟಿಗೆಗೆ ಹೋಗುವ ಮುಂಚೆ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿದೆ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ, ಒಳಗೆ ಹೋಗದಿರಲಿ ಅಂತ. ಸೈರನ್ ಕಡೆ ಬಲ್ಬ್ ಹಚ್ಚಿದೆ. ಬಿಸಿಲಿನಲ್ಲೂ ಕಣ್ಣು ಕುಕ್ಕುವಷ್ಟು ಉರಿಯಿತು. ಮೀಟರ್ ಹನ್ನೆರಡೂವರೆಯಿಂದ ಕೆಳಗೆ ಇಳಿಯಲಿಲ್ಲ. ಬ್ಯಾಟರಿ ಎರಡು ದಿನದಲ್ಲಿ ತುಂಬಿಕೊಂಡಿತು.

ಮದುವೆಯ ವಾರ ನಡುಮಧ್ಯಾಹ್ನ, ಅತ್ತೆ ಅಂಗಳದಲ್ಲಿ ನಿಂತು ನೋಡುತ್ತಿರುವಾಗ, ಕಳ್ಳ ಒಳಗೆ ಬಂದ ಹಾಗೆ ಬಾಗಿಲು ತೆರೆದು ಸೈರನ್ ಕೂಗಿಸಿದೆವು. ನಾನು ಕೇಳಿದ್ದರಲ್ಲೇ ಒಳ್ಳೆಯ ಕೂಗು. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ನಾನು ಹೆಮ್ಮೆಯಿಂದ ಅತ್ತೆಯ ಮುಖ ನೋಡಿದೆ. ಅವರು ಸೈರನ್ ನೋಡುತ್ತಿರಲಿಲ್ಲ. ಬೀದಿ ನೋಡುತ್ತಿದ್ದರು.

ಒಬ್ಬರೂ ಹೊರಗೆ ಬರಲಿಲ್ಲ.

ಎದುರು ಮನೆಯ ಕಿಟಕಿಯಲ್ಲಿ ಆಟೋದವರ ತಲೆ ಕಾಣಿಸಿ ಮತ್ತೆ ಒಳಗೆ ಹೋಯಿತು. ಸೈರನ್ ಪೂರ್ತಿ ಕೂಗಿ ನಿಂತಿತು. ಅತ್ತೆ ಅವರನ್ನು ಕರೆದರು. "ಏನಪ್ಪ, ಅಷ್ಟು ಕೂಗುದ್ರೂ ಬರ್ನಿಲ್ವಲ್ಲ ನೀನು?"

"ಇವತ್ತು ಯಾವ್ ಅಬ್ಬ ಅಂತ ಕ್ಯಾಲೆಂಡರ್ ನೋಡ್ತಿದ್ದೆ ಕಣಮ್ಮ," ಎಂದರು ಅವರು ನಿಜಕ್ಕೂ ಗಂಭೀರವಾಗಿ. "ನಿಮ್ ಮನೇಲಿ ಅದು ಕೂಗುದ್ರೆ ನಮ್ ಹೆಂಗುಸ್ರು ಒಬ್ಬಟ್ಟಿಗೆ ಬೇಳೆ ಆಕ್ತಾರೆ."

ಅತ್ತೆ ನಗಲಿಲ್ಲ. "ನೋಡುದ್ಯಾ ಅಮ್ಮಿ," ಎಂದು ನನಗೆ ಹೇಳಿದರು. "ಕೂಗ್ಸೋದು ನೀನ್ ಮಾಡ್ದೆ. ಬರೋರ್ಯಾರು?"

ಕಾಯಿಲೆ ವೈರಿನಲ್ಲಿದ್ದಷ್ಟು ದಿನ ಅದು ನನ್ನ ಕೈಗೆ ಸಿಗುವಂಥದ್ದು. ಈಗ ಅದು ಬೀದಿಯವರ ಕಿವಿಗೆ ಹೋಗಿ ಕೂತಿತ್ತು. ಅದನ್ನು ಅಳೆಯಲು ನನ್ನ ಬಳಿ ಬಲ್ಬ್ ಇರಲಿಲ್ಲ. 'ಇರಲಿ ಬಿಡಿ ಅತ್ತೆ, ನಾನಿರ್ತೀನಿ' ಎಂದು ಸೊಸೆ ಹೇಳುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಗೇಟು ತೆಗೆದರು.

ಮೊದಲು ಎದುರು ಮನೆ. ಆಮೇಲೆ ಪಕ್ಕದ್ದು. ಆಮೇಲೆ ಮೂಲೆಯ ಹಿಟ್ಟಿನ ಗಿರಣಿ. ನಾನು ಗೇಟಿನಲ್ಲೇ ನಿಂತಿದ್ದೆ, ಎದುರು ಮನೆಯಲ್ಲಿ ಆಡಿದ್ದು ಮಾತ್ರ ಕೇಳಿಸಿತು. "ಅಣ್ಣ, ಇಷ್ಟು ದಿನ ಕೂಗಿದ್ದು ನಮ್ ತೋರಣದ ಮೊಳೆ. ಈಗ ಅದು ನೆಟ್ಟಗಾಗೈತೆ. ಇನ್ ಮ್ಯಾಕೆ ಕೂಗುದ್ರೆ ಅದು ಕಳ್ಳನೇ. ನನ್ ತಂಗಿ ಮದ್ವೆ ಐತೆ, ನಾನು ಓಗ್ಬೇಕು. ನೀವು ಬತ್ತೀನಿ ಅಂದ್ರೆ ಓಯ್ತೀನಿ, ಬರಾಕಿಲ್ಲ ಅಂದ್ರೆ ಇಲ್ಲೇ ಇರ್ತೀನಿ."

"ಇದೇನವ್ವ ಇಂಗ್ ಕೇಳ್ತೀಯ," ಎಂದರು ಆಟೋದವರು. "ಓಗವ್ವ ನೀನು."

ಸೊಸೆ ವಾಪಸು ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದರು. ಮೊಳೆಯ ವಿಷಯ ಬೀದಿಗೆಲ್ಲ ಹೇಳಿ ಬಂದಿದ್ದಕ್ಕೆ ಬೈಗುಳ ಬೀಳುತ್ತದೆ ಎಂದು ನಾನು ಅಂದುಕೊಂಡೆ. ಅತ್ತೆ ಕೇಳಿದ್ದು ಒಂದೇ. "ಗಿರಣಿಯೋನು ಏನಂದ?"

"ಬತ್ತೀನಿ ಅಂದ್ರು."

"ಅವ್ನು ನಮ್ ಜೊತೆ ಮಾತಾಡಾದು ಬುಟ್ಟು ವರ್ಸಾಯ್ತು."

"ನನ್ ಜೊತೆ ಆಡುದ್ರು ಅತ್ತೆ."

ಎರಡನೇ ಸಲ ಕೂಗಿಸುವುದು ಯಾವತ್ತು ಎಂದು ಯಾರಿಗೂ ಹೇಳಲಿಲ್ಲ. ಮರುದಿನ ಜನ ಊಟಕ್ಕೆ ಕೂರುವ ಹೊತ್ತು ನೋಡಿ ಅತ್ತೆಯೇ ನನಗೆ ಕಣ್ಸನ್ನೆ ಮಾಡಿದರು. ಸೈರನ್ ಎದ್ದಿತು. ಗಿರಣಿಯ ಸದ್ದು ನಿಂತಿತು. ಆಟೋದವರು ಎಂಜಲು ಕೈಯಲ್ಲೇ ಜಾಕಿ ರಾಡ್ ಹಿಡಿದು ಗೇಟು ದಾಟಿ ಬಂದರು. ಗಿರಣಿಯವರು ಮೈತುಂಬ ಹಿಟ್ಟು ಮೆತ್ತಿಕೊಂಡು ಅವರ ಹಿಂದೆ. ಪಕ್ಕದ ಮನೆಯಾಕೆ ಲಟ್ಟಣಿಗೆ ಹಿಡಿದು ಕಾಂಪೌಂಡಿನ ಮೇಲಿಂದ, "ಹಿತ್ಲ ಕಡೆ ನಾನ್ ನೋಡ್ಕತೀನಿ, ಮುಂದ್ಲು ಕಡೆ ನೀವ್ ನೋಡಿ," ಎಂದು ಕೂಗಿದರು. ಅಂಗಳದಲ್ಲಿ ಅತ್ತೆ ಆರಾಮಾಗಿ ನಿಂತಿರುವುದನ್ನು ಕಂಡು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪರೀಕ್ಸೆ ಮಾಡ್ತಿದ್ರಾ ನಮ್ಮುನ್ನ?" ಆಟೋದವರು ಕೇಳಿದರು. "ಅರ್ಧ ಮುದ್ದೆ ಅಂಗೇ ಬುಟ್ಟು ಬಂದಿವ್ನಿ ನಾನು."

"ಇಲ್ಲೇ ಉಣ್ಣು ಬಾ," ಎಂದರು ಅತ್ತೆ. ಗಿರಣಿಯವರ ಕಡೆ ತಿರುಗಿ, "ನೀನೂ ಬಾರಪ್ಪ, ಕೈ ತೊಳ್ಕೋ" ಎಂದರು. ಆಮೇಲೆ ಒಳಗೆ ಹೋಗುತ್ತಾ, ತಿರುಗಿ ನೋಡದೆ, ಸೊಸೆಗೆ: "ಸೀರೆ ತೆಗ್ದಿಟ್ಕೋ. ಚಪ್ಪರದ ದಿನ ಬೆಳಗ್ಗೆನೇ ಒರಡ್ಬೇಕು. ಅಲ್ಲಿ ನಿನ್ ತಂಗಿಗೆ ನೀನ್ ಬುಟ್ರೆ ಯಾರವ್ರೆ."

ಚಪ್ಪರದ ದಿನ ನಾನೂ ಬರಬೇಕೆಂದು ಅತ್ತೆ ಹೇಳಿ ಕಳಿಸಿದ್ದರು. ಬೀಗ ಹಾಕುವಾಗ ಅಲಾರಂ ಸರಿಯಾಗಿ ಕೂತಿದೆಯೋ ಇಲ್ಲವೋ ನಾನು ಕಣ್ಣಾರೆ ನೋಡಿ ಹೇಳಬೇಕಂತೆ. ಹೋದೆ. ಕಾರು ಗೇಟಿನ ಹೊರಗೆ ನಿಂತಿತ್ತು. ವ್ಯಾಪಾರಿ ಸ್ಟೀರಿಂಗ್ ಮುಂದೆ, ಅತ್ತೆ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಪ್ಯಾನೆಲ್‌ನ ನಂಬರ್ ಇಷ್ಟು ದಿನ ಮಗನಿಗೆ ಮಾತ್ರ ಗೊತ್ತಿತ್ತು. ಅವರು ಇಳಿಯಲು ಹೊರಟಾಗ ಅತ್ತೆ ಭುಜ ಹಿಡಿದು ಕೂರಿಸಿದರು.

"ನೀನ್ ಕೂತ್ಕೋ. ಅವ್ಳಿಗೆ ನಂಬರ್ ಏಳ್ಕೊಡು. ಮನೆ ಬೀಗ ಅವ್ಳು ಆಕ್ಲಿ."

ಮೆಟ್ಟಿಲ ಕೆಳಗೆ ನಾನು ಮತ್ತು ಸೊಸೆ ಇಬ್ಬರೇ. ಅರಿಶಿಣ ಬಣ್ಣದ ಸೀರೆ, ಕೈತುಂಬ ಬಳೆ. ನಂಬರ್ ಒತ್ತುವ ಮುಂಚೆ ಅವರು ಬೆರಳು ತಡೆದರು.

"ಒತ್ತಿದ್ ಕೂಡ್ಲೇ ಕೂಗಾಕಿಲ್ವಾ? ನಾನಿನ್ನೂ ಒಳಗೇ ಇರ್ತೀನಲ್ಲ."

"ಇಲ್ಲ ಅಕ್ಕ. ಹೊರಗೆ ಹೋಗೋದಕ್ಕೆ ಅರ್ಧ ನಿಮಿಷ ಕೊಡುತ್ತೆ. ಟಿಕ್ ಟಿಕ್ ಅಂತಿರುತ್ತೆ. ಗಾಬರಿ ಬೇಡ, ನಿಧಾನಕ್ಕೆ ಹೋಗಬಹುದು."

ಒತ್ತಿದರು. ಪ್ಯಾನೆಲ್ ಟಿಕ್ ಟಿಕ್ ಎನ್ನತೊಡಗಿತು. ಅವರಿಗೆ ಅರ್ಧ ನಿಮಿಷ ಬೇಕಾಗಲಿಲ್ಲ. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಹೊಸ್ತಿಲ ಆಚೆ ನಿಂತು, ಬೀಗದ ಕೈ ಹಿಡಿದುಕೊಂಡು, "ಬೇಗ ಬನ್ರಿ, ಟೇಮಾಯ್ತು" ಎಂದು ನನ್ನನ್ನೇ ಕರೆಯುತ್ತಿದ್ದರು.